ಎರಡು ಸಲ ಕರಗಿದ ವಸ್ತು

1977ರ ಮಳೆಗಾಲದ ಒಂದು ಮಧ್ಯಾಹ್ನ. ಊರು ಸಣ್ಣದು, ಕಾಲೇಜು ಅದಕ್ಕೂ ಸಣ್ಣದು. ನಾನು ಅಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿ ಸೇರಿ ಒಂದು ವರ್ಷವೂ ತುಂಬಿರಲಿಲ್ಲ. ಅಂತಿಮ ವರ್ಷದ ಪ್ರಯೋಗದ ತರಗತಿ ನಡೆದಿತ್ತು. ಸೋಂಪಿನ ವಾಸನೆಯ ಆನಿಸಾಲ್ಡಿಹೈಡಿನಿಂದ ಮೆಥಾಕ್ಸಿ ಸಿನ್ನಾಮಿಕ್ ಆಮ್ಲವೆಂಬ ಬಿಳಿಯ ಹರಳನ್ನು ತಯಾರಿಸಿ, ಅದು ಕರಗುವ ಉಷ್ಣತೆಯನ್ನು ಅಳೆದು ಬರೆಯಬೇಕು. ಇಷ್ಟೇ ಅಂದಿನ ಪಾಠ. ಶುದ್ಧವಾದ ವಸ್ತು ಒಂದು ಗೊತ್ತಾದ ಉಷ್ಣತೆಯಲ್ಲಿ ಥಟ್ಟನೆ ಕರಗುತ್ತದೆ, ಕಲಬೆರಕೆಯಾದದ್ದು ಎಳೆದಾಡುತ್ತ ಕರಗುತ್ತದೆ ಎಂಬುದು ನಮ್ಮ ಶಾಸ್ತ್ರದ ಮೊದಲ ಮಗ್ಗಿ. ಹುಡುಗಿಯೊಬ್ಬಳು ಕೈಯಲ್ಲಿ ಪುಸ್ತಕ ಹಿಡಿದು ಬಂದಳು. "ಸಾರ್, 172 ಡಿಗ್ರಿಗೆ ಕರಗಿತು. ಆದರೆ ತಿಳಿಯಾಗಲಿಲ್ಲ, ಹಾಲಿನ ಹಾಗೆ ಇತ್ತು. 188ಕ್ಕೆ ಬಂದಾಗ ಒಮ್ಮೆಲೇ ತಿಳಿಯಾಯಿತು" ಎಂದಳು.

"ಶುದ್ಧಮಾಡಿಲ್ಲಮ್ಮ ನೀನು. ಮತ್ತೆ ಹರಳುಗಟ್ಟಿಸು" ಎಂದೆ.

ಅವಳು ಮತ್ತೆ ಹರಳುಗಟ್ಟಿಸಿದಳು. ಅದೇ ಫಲ. ಮೂರನೆಯ ಸಲವೂ ಅದೇ ಫಲ. ಗಂಟೆ ಬಾರಿಸುವ ಹೊತ್ತಾಗಿತ್ತು. ನಾನು ಅವಳ ಪುಸ್ತಕವನ್ನು ತೆಗೆದುಕೊಂಡು, ಎರಡನೆಯ ಅಂಕೆಯನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿ, ಮೊದಲನೆಯದನ್ನು ಮಾತ್ರ ಉಳಿಸಿ ಸಹಿ ಮಾಡಿದೆ. ಅವಳು ಏನೂ ಹೇಳದೆ ಹೋದಳು.

ಅಂದು ನಾನು ಹೊಡೆದುಹಾಕಿದ್ದು ಏನನ್ನು ಎಂಬುದು ನನಗೆ ತಿಳಿದದ್ದು ಹಲವು ವರ್ಷಗಳ ಮೇಲೆ. ಆ ಎರಡನೆಯ ಅಂಕೆಯ ಹಿಂದೆ ಒಂದು ಶತಮಾನದ ಕಥೆಯಿತ್ತು. ವೈದ್ಯ, ಕೃಷಿ, ವಸ್ತುವಿಜ್ಞಾನ, ಭೌತಶಾಸ್ತ್ರ ಎಂದು ನಾವು ಬೇರೆ ಬೇರೆ ಕೋಣೆಗಳಲ್ಲಿ ಕೂಡಿಹಾಕಿದ ವಿದ್ಯೆಗಳೆಲ್ಲ ಆ ಕಥೆಯೊಳಗೆ ಒಂದರ ಬಾಗಿಲನ್ನು ಇನ್ನೊಂದು ತಟ್ಟುತ್ತ ಬಂದಿವೆ. ಇಂದು ನಿಮ್ಮ ಮುಂದೆ ಹೇಳಲಿರುವುದು ಆ ಕಥೆಯನ್ನೇ.

ಅದರ ಆರಂಭ ಒಂದು ಗಜ್ಜರಿ ಗೆಡ್ಡೆಯಲ್ಲಿ. ಪ್ರಾಗ್ ನಗರ ಆಗ ಆಸ್ಟ್ರಿಯಾ–ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು. ಅಲ್ಲಿ ಫ್ರೀಡ್ರಿಖ್ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ ಗಜ್ಜರಿಯಲ್ಲಿ ದೊರೆಯುವ, ಪ್ರಾಣಿದೇಹದ ಕೊಲೆಸ್ಟೆರಾಲಿಗೆ ಸಂಬಂಧಿಸಿದ ಪದಾರ್ಥವನ್ನು ಕುರಿತು ಅಧ್ಯಯನ ನಡೆಸಿದ್ದ. 1888ರಲ್ಲಿ ಅವನು ಕೊಲೆಸ್ಟೆರಿಲ್ ಬೆಂಜೋಯೇಟ್ ಎಂಬ ಸಂಯುಕ್ತವನ್ನು ಕಾಯಿಸಿ ನೋಡಿದ. 145.5 ಡಿಗ್ರಿಯಲ್ಲಿ ಅದು ಕರಗಿ ಮಬ್ಬಾದ ದ್ರವವಾಯಿತು. 178.5 ಡಿಗ್ರಿಯಲ್ಲಿ ಆ ಮಬ್ಬು ಹರಿದು ತಿಳಿಯಾಯಿತು. ಆರಿಸುತ್ತ ಬಂದರೆ ನೀಲಿ, ನೇರಿಳೆ ಬಣ್ಣಗಳು ಮಿಂಚಿ ಮರೆಯಾದವು. ಶುದ್ಧಮಾಡಿ ನೋಡಿದರೂ ನಡೆದದ್ದು ಅದೇ.

ರೈನಿಟ್ಸರ್ ಏನು ಮಾಡಬಹುದಿತ್ತು? ನನ್ನ ಹಾಗೆ ಕೆಂಪು ಪೆನ್ಸಿಲು ಹಿಡಿಯಬಹುದಿತ್ತು. ಅಥವಾ ಇದು ನನ್ನ ವಿಷಯವಲ್ಲ, ನಾನು ಸಸ್ಯಶಾಸ್ತ್ರದವನು ಎಂದು ಸುಮ್ಮನಾಗಬಹುದಿತ್ತು. ಅವನು ಎರಡನ್ನೂ ಮಾಡಲಿಲ್ಲ. ಮಾರ್ಚ್ 14ರಂದು, ಜರ್ಮನಿಯ ಆಖೆನ್ ನಗರದಲ್ಲಿದ್ದ ಆಟ್ಟೋ ಲೆಹ್ಮಾನ್ ಎಂಬ ಭೌತವಿಜ್ಞಾನಿಗೆ ಹದಿನಾರು ಪುಟಗಳ ಒಂದು ಪತ್ರ ಬರೆದ. ಜೊತೆಗೆ ಆ ವಸ್ತುವಿನ ಮಾದರಿಗಳನ್ನೂ ಕಳಿಸಿದ. ತನ್ನ ಕಣ್ಣಿಗೆ ಕಂಡದ್ದು ತನ್ನ ಶಾಸ್ತ್ರದ ಬೇಲಿಯೊಳಗೆ ನಿಲ್ಲುತ್ತಿಲ್ಲ ಎಂದು ತಿಳಿದಾಗ ಬೇಲಿಯ ಆಚೆಗಿನವನನ್ನು ಕೂಗಿ ಕೇಳಿದ. ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ದೊಡ್ಡ ಗ್ರಂಥಗಳಿವೆ. ನನಗೆ ಮಾತ್ರ ಆ ಪತ್ರ ಅವುಗಳ ಸಾಲಿನಲ್ಲೇ ಕೂಡಬೇಕಾದದ್ದೆಂದು ತೋರುತ್ತದೆ.

ಲೆಹ್ಮಾನನನ್ನು ಆರಿಸಿದ್ದೂ ಸರಿಯಾದ ಆಯ್ಕೆಯೇ. ಪದಾರ್ಥವನ್ನು ಕಾಯಿಸುತ್ತಲೇ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಉಪಕರಣವನ್ನು ಅವನು ತಾನೇ ಕಟ್ಟಿಕೊಂಡಿದ್ದ. ಅದರಲ್ಲಿ ಬೆಳಕನ್ನು ಶೋಧಿಸುವ ಎರಡು ಫಲಕಗಳು ಒಂದಕ್ಕೊಂದು ಅಡ್ಡವಾಗಿ ನಿಂತಿರುತ್ತವೆ. ನಡುವೆ ನೀರನ್ನಿಟ್ಟರೆ ಕತ್ತಲೆ. ಅಣುಗಳು ಶಿಸ್ತಾಗಿ ಸಾಲುಗೂಡಿರುವ ಬಹುಪಾಲು ಹರಳುಗಳನ್ನಿಟ್ಟರೆ ಬೆಳಕು ತಿರುಗಿಕೊಂಡು ಬಂದು ಬಣ್ಣ ಚೆಲ್ಲುತ್ತದೆ. ರೈನಿಟ್ಸರನ ಮಬ್ಬು ದ್ರವವನ್ನು ಇಟ್ಟಾಗ ಕತ್ತಲೆ ಇರಬೇಕಾದಲ್ಲಿ ಬಣ್ಣ ಕಂಡಿತು. ಹರಿಯುತ್ತಿದೆ, ಆದ್ದರಿಂದ ದ್ರವ. ಬೆಳಕಿನೊಡನೆ ಹರಳಿನಂತೆ ವರ್ತಿಸುತ್ತಿದೆ, ಆದ್ದರಿಂದ ಸ್ಫಟಿಕ. 1889ರಲ್ಲಿ ಲೆಹ್ಮಾನ್ ತನ್ನ ಲೇಖನಕ್ಕೆ 'ಹರಿಯುವ ಸ್ಫಟಿಕಗಳು' ಎಂದು ಹೆಸರಿಟ್ಟ. ನಾವು ಈಗ ದ್ರವಸ್ಫಟಿಕ ಎನ್ನುತ್ತೇವೆ.

ಹೆಸರಿನಲ್ಲೇ ಜಗಳ ಹುಟ್ಟಿತು. ಘನ, ದ್ರವ, ಅನಿಲ ಎಂದು ಮೂರು ಅವಸ್ಥೆಗಳನ್ನು ಮಾತ್ರ ಒಪ್ಪಿದ್ದ ವಿದ್ವಾಂಸರಿಗೆ ಈ ಸಮಾಸಪದವೇ ಅಸಂಬದ್ಧವಾಗಿ ಕೇಳಿಸಿತು. ಗುಸ್ತಾವ್ ಟಾಮಾನ್ ಎಂಬ ಹೆಸರಾಂತ ರಸಾಯನವಿಜ್ಞಾನಿ ಇದು ಎರಡು ದ್ರವಗಳು ಬೆರೆಯದೆ ಉಳಿದ ಮಿಶ್ರಣ, ಹಾಲಿನಂಥದು, ಅಷ್ಟೆ ಎಂದ. ವಾಲ್ಟರ್ ನೆರ್ನ್ಸ್ಟನಂಥ ಮೇಧಾವಿಯೂ ಒಪ್ಪಲಿಲ್ಲ. ಕಲಬೆರಕೆ ಎಂದು ನಾನು ಅಂದದ್ದನ್ನು ಅವರು ಮುಕ್ಕಾಲು ಶತಮಾನದ ಮೊದಲೇ ಅಂದಿದ್ದರು. ಇದನ್ನು ಓದಿದಾಗ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವರಾದರೂ ವಾದಮಾಡಿದ್ದರು. ನಾನು ವಾದವನ್ನೇ ಮಾಡದೆ ಅಳಿಸಿದ್ದೆ.

ಹಿರಣ್ಯಕಶಿಪು ಕೇಳಿದ ವರ ನಿಮಗೆಲ್ಲ ಗೊತ್ತು. ಮನುಷ್ಯನಿಂದಾಗಲಿ ಮೃಗದಿಂದಾಗಲಿ, ಹಗಲಲ್ಲಾಗಲಿ ಇರುಳಲ್ಲಾಗಲಿ, ಒಳಗಾಗಲಿ ಹೊರಗಾಗಲಿ ಸಾವು ಬರಬಾರದು. ಜಗತ್ತು ಎರಡೆರಡು ಕೋಣೆಗಳಲ್ಲಿ ಮುಗಿದುಹೋಗಿದೆ ಎಂದು ಅವನು ತಿಳಿದಿದ್ದ. ಸಂಜೆಯನ್ನೂ ಹೊಸ್ತಿಲನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ವಿದ್ವಾಂಸರ ವರ್ಗೀಕರಣಕ್ಕೂ ಇಂಥದೇ ಗತಿ ಒದಗುವುದುಂಟು. ಪ್ರಕೃತಿ ಹೊಸ್ತಿಲ ಮೇಲೆ ಕೂತು ಕಾದಿರುತ್ತದೆ.

ಜಗಳವನ್ನು ಮಾತು ಬಗೆಹರಿಸಲಿಲ್ಲ, ಕೆಲಸ ಬಗೆಹರಿಸಿತು. ಜರ್ಮನಿಯ ಹಾಲೆಯಲ್ಲಿ ಡೇನಿಯಲ್ ಫೋರ್ಲೆಂಡರ್ ಮತ್ತು ಅವನ ಶಿಷ್ಯರು ಇಂಥ ನೂರಾರು ಪದಾರ್ಥಗಳನ್ನು ತಯಾರಿಸಿ, ಉದ್ದನೆಯ ಕಡ್ಡಿಯಂಥ ಅಣುಗಳಿದ್ದರೆ ಈ ಗುಣ ಬರುತ್ತದೆಂದು ಕಂಡುಕೊಂಡರು. 1922ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ಇವುಗಳ ಒಳಜಾತಿಗಳನ್ನು ವಿಂಗಡಿಸಿ ಗ್ರೀಕ್ ಮೂಲದ ಹೆಸರುಗಳನ್ನು ಕೊಟ್ಟ. ಎತ್ತಿನ ಗಾಡಿಯಲ್ಲಿ ಹೇರಿದ ಕಬ್ಬನ್ನು ನೆನೆದುಕೊಳ್ಳಿ. ಜಲ್ಲೆಗಳೆಲ್ಲ ಒಂದೇ ದಿಕ್ಕಿಗೆ ಚಾಚಿವೆ, ಆದರೆ ತುದಿಗಳು ಸಮನಾಗಿಲ್ಲ. ಒಂದು ಮುಂದೆ, ಒಂದು ಹಿಂದೆ. ಇದು ನೂಲು ಎಂಬ ಅರ್ಥದ 'ನೆಮ್ಯಾಟಿಕ್'. ಅದೇ ಜಲ್ಲೆಗಳನ್ನು ಅಳತೆಗೆ ಕತ್ತರಿಸಿ ಪದರಪದರವಾಗಿ ನಿಲ್ಲಿಸಿದರೆ ಸಾಬೂನು ಎಂಬ ಅರ್ಥದ 'ಸ್ಮೆಕ್ಟಿಕ್'. ಪದರಗಳು ಒಂದರ ಮೇಲೊಂದು ಜಾರಬಲ್ಲವು. ಸಾಬೂನು ಕೈಯಲ್ಲಿ ಜಾರುವುದರ ಗುಟ್ಟೂ ಇಂಥದೇ. ರೈನಿಟ್ಸರನ ವಸ್ತುವಿನಲ್ಲಿಯಾದರೋ ಸಾಲುಗಳ ದಿಕ್ಕು ಮೆಟ್ಟಿಲುಮೆಟ್ಟಿಲಾಗಿ ತಿರುಗುತ್ತ ಸುರುಳಿಯಾಗಿ ಸಾಗುತ್ತದೆ. ಅವನು ಕಂಡ ಬಣ್ಣ ಬಂದದ್ದು ಆ ಸುರುಳಿಯಿಂದ.

ಹೀಗೆ ಸಸ್ಯಶಾಸ್ತ್ರದಿಂದ ಭೌತಶಾಸ್ತ್ರಕ್ಕೆ ಒಂದು ದಾರಿ ಬಿದ್ದಿತು. ಆ ದಾರಿಯಲ್ಲಿ ಮರಳಿ ಬಂದದ್ದು ಕೃಷಿ. ಹೊಗೆಸೊಪ್ಪಿನ ಎಲೆಯ ಮೇಲೆ ತಿಳಿಹಸಿರು–ಕಡುಹಸಿರು ಮಚ್ಚೆಗಳನ್ನು ಮೂಡಿಸಿ, ಬೆಳೆಯನ್ನು ಕುಗ್ಗಿಸುವ ಮೊಸಾಯಿಕ್ ನಂಜುರೋಗವನ್ನು ರೈತರು ಬಲ್ಲರು. ಟೊಮೇಟೊವನ್ನೂ ಅದು ಬಿಡುವುದಿಲ್ಲ. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಆ ರೋಗದ ವೈರಸ್ಸನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ಲೋಕವನ್ನು ಬೆರಗುಗೊಳಿಸಿದ. ಅದು ಬರಿಯ ಪ್ರೋಟೀನ್ ಎಂದು ಅವನು ತಿಳಿದ. ಮರುವರ್ಷವೇ ಇಂಗ್ಲೆಂಡಿನಲ್ಲಿ ನಾಲ್ವರು ಸೇರಿದರು. ಫ್ರೆಡರಿಕ್ ಬಾಡೆನ್ ಸಸ್ಯರೋಗಗಳ ತಜ್ಞ, ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದವನು. ನಾರ್ಮನ್ ಪಿರೀ ಜೀವರಸಾಯನ ವಿಜ್ಞಾನಿ. ಬರ್ನಾಲ್ ಮತ್ತು ಫ್ಯಾನ್ಕುಚೆನ್ ಕ್ಷಕಿರಣಗಳಿಂದ ಹರಳುಗಳ ಒಳರಚನೆ ನೋಡುವ ಭೌತವಿಜ್ಞಾನಿಗಳು. ರೋಗ ಹಿಡಿದ ಗಿಡಗಳ ರಸವನ್ನು ಶುದ್ಧಮಾಡಿ ಗಾಜಿನ ಕೊಳವೆಯಲ್ಲಿ ಇಟ್ಟಾಗ ಅದು ಎರಡು ಪದರಗಳಾಗಿ ಬೇರ್ಪಟ್ಟಿತು. ಅಡ್ಡಫಲಕಗಳ ನಡುವೆ ನೋಡಿದರೆ ಮೇಲಿನದು ಕತ್ತಲೆ, ಕೆಳಗಿನದು ಬೆಳಕು. ಕೆಳಗಿನದು ದ್ರವಸ್ಫಟಿಕ! ಗಿಡವನ್ನು ಕಾಡುವ ಕಣಗಳು ಕಬ್ಬಿನ ಜಲ್ಲೆಗಳಂತೆ ಸಾಲುಗೂಡಿ ನಿಂತಿದ್ದವು. ವೈರಸ್ಸು ಉದ್ದನೆಯ ಕಡ್ಡಿಯ ಆಕಾರದ್ದು ಎಂಬುದಕ್ಕೆ ಇದು ಬಲವಾದ ಸಾಕ್ಷ್ಯವಾಯಿತು. ಅದರಲ್ಲಿ ಬರಿಯ ಪ್ರೋಟೀನಲ್ಲದೆ ಆರ್‌ಎನ್‌ಎ ಕೂಡ ಇದೆ ಎಂದು ತೋರಿಸಿ ಸ್ಟ್ಯಾನ್ಲಿಯ ಮಾತನ್ನು ತಿದ್ದಿದ್ದೂ ಆ ಲೇಖನವೇ. ಕಣದ ಉದ್ದ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ 300 ಭಾಗ, ದಪ್ಪ ಕೇವಲ 18 ಭಾಗ ಎಂಬುದು ಈಗ ನಮಗೆ ತಿಳಿದಿದೆ.

ಹೊಲದ ರೋಗ ಭೌತಶಾಸ್ತ್ರಕ್ಕೆ ಒಂದು ಪ್ರಶ್ನೆಯನ್ನು ಒಡ್ಡಿತು. ಒಂದನ್ನೊಂದು ಸೆಳೆಯುವ ಬಲವೇ ಇಲ್ಲದ ಕಡ್ಡಿಗಳು ಯಾರ ಅಪ್ಪಣೆಯಿಂದ ಸಾಲುಗೂಡುತ್ತವೆ? 1949ರಲ್ಲಿ ಲಾರ್ಸ್ ಆನ್ಸಾಗರ್ ಉತ್ತರ ಕೊಟ್ಟ. ಜಾತ್ರೆಯ ಗುಂಪಿನಲ್ಲಿ ಪ್ರತಿಯೊಬ್ಬನೂ ಒಂದೊಂದು ಉದ್ದನೆಯ ಗಳವನ್ನು ಅಡ್ಡಡ್ಡವಾಗಿ ಹಿಡಿದಿದ್ದಾನೆ ಎಂದುಕೊಳ್ಳಿ. ಗುಂಪು ಹೆಚ್ಚಿದಂತೆ ಯಾರೂ ಅಲುಗಾಡಲಾರರು. ಎಲ್ಲರೂ ಗಳಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದರೆ ನಡೆದಾಡಲು ಜಾಗ ದೊರೆಯುತ್ತದೆ. ಬೇಕಾದತ್ತ ತಿರುಗುವ ಸ್ವಾತಂತ್ರ್ಯವನ್ನು ಸ್ವಲ್ಪ ಬಿಟ್ಟುಕೊಟ್ಟರೆ ಚಲಿಸುವ ಸ್ವಾತಂತ್ರ್ಯ ಹೆಚ್ಚು ಸಿಗುತ್ತದೆ. ಶಿಸ್ತು ಇಲ್ಲಿ ಸ್ವಾತಂತ್ರ್ಯದಿಂದಲೇ ಹುಟ್ಟಿದ್ದು. ಹೊಗೆಸೊಪ್ಪಿನ ರೋಗದಿಂದ ಇಂಥ ತತ್ತ್ವ ಹೊರಟೀತೆಂದು ಯಾರು ಎಣಿಸಿದ್ದರು?

ಇನ್ನು ವಸ್ತುವಿಜ್ಞಾನದ ಕಡೆಗೆ ಬರೋಣ. ಸ್ಟೆಫನಿ ಕ್ವೋಲೆಕ್ ಎಂಬ ಅಮೆರಿಕದ ತರುಣಿಗೆ ವೈದ್ಯೆಯಾಗುವ ಆಸೆಯಿತ್ತು. ಓದಿಗೆ ಹಣ ಕೂಡಿಸಲೆಂದು 1946ರಲ್ಲಿ ಡ್ಯೂಪಾಂಟ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು, ಅಲ್ಲಿಯೇ ಉಳಿದಳು. 1965ರಲ್ಲಿ ಹಗುರವೂ ಬಲವೂ ಆದ ನೂಲಿಗಾಗಿ ಹುಡುಕುತ್ತಿದ್ದಾಗ ಅವಳ ಪಾತ್ರೆಯಲ್ಲಿ ತೆಳ್ಳಗಿನ, ಮಬ್ಬಾದ, ಮಜ್ಜಿಗೆಯಂಥ ಒಂದು ದ್ರಾವಣ ತಯಾರಾಯಿತು. ನೂಲಿಗೆ ಬೇಕಾದ ದ್ರಾವಣ ಪಾಕದಂತೆ ಗಟ್ಟಿಯಾಗಿ, ತಿಳಿಯಾಗಿ ಇರಬೇಕೆಂಬುದು ಆಗಿನ ರೂಢಿ. ನೂಲು ತೆಗೆಯುವ ಯಂತ್ರ ನಡೆಸುತ್ತಿದ್ದವನು ಈ ಮಜ್ಜಿಗೆಯಲ್ಲಿರುವ ಕಣಗಳು ಸೂಕ್ಷ್ಮ ರಂಧ್ರಗಳನ್ನು ಕಟ್ಟಿಬಿಟ್ಟಾವು ಎಂದು ಹೆದರಿ ಮೊದಲು ನಿರಾಕರಿಸಿದ. ಅವಳು ದ್ರಾವಣವನ್ನು ಸೋಸಿ ನೋಡಿದಳು, ಮಬ್ಬು ಹೋಗಲಿಲ್ಲ. ಅಂದರೆ ಕೊಳೆಯಲ್ಲ! ಪಟ್ಟುಹಿಡಿದು ಕೇಳಿಕೊಂಡು ನೂಲು ತೆಗೆಸಿದಳು. ಆ ಮಬ್ಬು ದ್ರವಸ್ಫಟಿಕದ ಮಬ್ಬು. ಮೊದಲೇ ಸಾಲುಗೂಡಿದ್ದ ಉದ್ದನೆಯ ಅಣುಗಳು ರಂಧ್ರದಿಂದ ಹೊರಬರುವಾಗ ಇನ್ನೂ ಬಿಗಿಯಾಗಿ ಹೊಂದಿಕೊಂಡು, ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಐದು ಪಟ್ಟು ಬಲವಾದ ನೂಲಾಯಿತು. ಕೆವ್ಲಾರ್ ಎಂಬ ಹೆಸರಿನ ಆ ನೂಲಿನಿಂದ ಗುಂಡನ್ನು ತಡೆಯುವ ಕವಚವನ್ನು ಹೊಲಿಯುತ್ತಾರೆ. ಮಬ್ಬನ್ನು ಕಂಡು ಎಸೆಯದೆ ಸೋಸಿ ನೋಡಿದ ಒಬ್ಬ ಹೆಂಗಸಿನ ತಾಳ್ಮೆಯಿಂದ ಎಷ್ಟೋ ಜನ ಬದುಕಿದ್ದಾರೆ. ನನ್ನ ವಿದ್ಯಾರ್ಥಿನಿಯೂ ಮೂರು ಸಲ ಶುದ್ಧಮಾಡಿ ನೋಡಿದ್ದಳಲ್ಲವೆ?

ವೈದ್ಯಶಾಸ್ತ್ರದ ಸಂಬಂಧ ಇವೆಲ್ಲಕ್ಕಿಂತ ಹಳೆಯದು. ರೈನಿಟ್ಸರನಿಗಿಂತ ಮೂವತ್ತು ವರ್ಷ ಮೊದಲೇ, 1850ರ ದಶಕದಲ್ಲಿ, ಜರ್ಮನಿಯ ವೈದ್ಯರು ನರಗಳ ಹೊದಿಕೆಯ ಪದಾರ್ಥವನ್ನು ನೀರಿನಲ್ಲಿಟ್ಟು ನೋಡಿ, ಅದು ಹರಿಯುತ್ತಲೇ ಹರಳಿನಂತೆ ಬೆಳಕನ್ನು ಒಡೆಯುವುದನ್ನು ಗಮನಿಸಿದ್ದರು. ಆದರೆ ಅದಕ್ಕೊಂದು ಹೆಸರಿರಲಿಲ್ಲ, ಹೆಸರಿಲ್ಲದ್ದು ಮರೆತುಹೋಯಿತು. ಒಂದು ಶತಮಾನದ ಮೇಲೆ ಅಲೆಕ್ ಬ್ಯಾಂಗಮ್ ಎಂಬ ರಕ್ತತಜ್ಞ ಅದನ್ನು ಬೇರೆ ದಾರಿಯಲ್ಲಿ ಮತ್ತೆ ತಲುಪಿದ. ಅವನು ದುಡಿಯುತ್ತಿದ್ದದ್ದು ಕೇಂಬ್ರಿಜ್ ಬಳಿಯ ಬಾಬ್ರಹಮ್‌ನಲ್ಲಿ, ಕೃಷಿ ಸಂಶೋಧನಾ ಮಂಡಲಿಗೆ ಸೇರಿದ ಪ್ರಾಣಿಶರೀರಶಾಸ್ತ್ರದ ಸಂಸ್ಥೆಯಲ್ಲಿ. ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನಂಥ ಪದಾರ್ಥವನ್ನು ನೀರಿನಲ್ಲಿ ಕದಡಿದಾಗ ಅದು ತಾನಾಗಿ ಈರುಳ್ಳಿಯಂತೆ ಪದರಪದರದ ಗುಳ್ಳೆಗಳಾಗುವುದನ್ನು 1960ರ ದಶಕದ ಮೊದಲಲ್ಲಿ ಅವನೂ ಸಂಗಡಿಗರೂ ಕಂಡರು. ಈಗ ಲೈಪೋಸೋಮ್ ಎನ್ನುವ ಆ ಗುಳ್ಳೆಗಳನ್ನು ಅವರು ಮೊದಲು ಕರೆದದ್ದು ಫ್ರೀಡೆಲನ 'ಸ್ಮೆಕ್ಟಿಕ್' ಶಬ್ದದಿಂದಲೇ. ನಮ್ಮ ಮೈಯ ಕೋಟಿಕೋಟಿ ಕೋಶಗಳ ಗೋಡೆ ಇಟ್ಟಿಗೆಯ ಗೋಡೆಯಲ್ಲ, ಶಿಸ್ತಾಗಿ ನಿಂತೂ ಹರಿದಾಡುವ ದ್ರವಸ್ಫಟಿಕದ ತೆರೆ. ಘನವಾಗಿದ್ದರೆ ಒಳಗಿಂದ ಹೊರಗೆ ಏನೂ ಸಾಗದು. ಬರಿಯ ದ್ರವವಾಗಿದ್ದರೆ ಒಳಗು–ಹೊರಗು ಎಂಬುದೇ ಇರದು. ಬದುಕು ನಿಂತಿರುವುದೇ ಹೊಸ್ತಿಲ ಮೇಲೆ.

ಈ ಗುಳ್ಳೆಯೊಳಗೆ ಔಷಧವನ್ನು ತುಂಬಿ ಕಳಿಸಬಹುದೆಂಬ ಯೋಚನೆ ಬೇಗನೆ ಬಂದಿತು. ಫಲ ಕೊಡಲು ಕಾಲ ಹಿಡಿಯಿತು. ಬಿಹಾರದ ಬಡವರನ್ನು ತಲೆಮಾರುಗಳಿಂದ ಕಾಡಿದ ಕಾಲಾ ಅಜಾರ್ ರೋಗಕ್ಕೆ ಆಂಫೊಟೆರಿಸಿನ್ ಎಂಬ ಮದ್ದು ಇತ್ತು. ಆದರೆ ರೋಗಿ ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು, ದಿನ ಬಿಟ್ಟು ದಿನ ಹದಿನೈದು ಸಲ ಅದನ್ನು ರಕ್ತನಾಳಕ್ಕೆ ಹರಿಸಿಕೊಳ್ಳಬೇಕು. ಕೂಲಿಯವನು ಒಂದು ತಿಂಗಳು ಕೂಲಿ ಬಿಟ್ಟರೆ ಮನೆಯ ಗತಿ ಏನು? ಅದೇ ಮದ್ದನ್ನು ಕೊಬ್ಬಿನ ಗುಳ್ಳೆಗಳಲ್ಲಿ ಸೇರಿಸಿ ಒಂದೇ ಒಂದು ಸಲ ಕೊಟ್ಟರೂ ಗುಣ ಅಷ್ಟೇ ಎಂದು ಮುಜಫ್ಫರಪುರದಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎರಡು ಬಗೆಯಲ್ಲೂ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ಗುಣಹೊಂದಿದ್ದರು. 2014ರಲ್ಲಿ ಭಾರತ ಸರಕಾರ ಈ ಕ್ರಮವನ್ನು ಅಂಗೀಕರಿಸಿತು. 2020ರ ಮಹಾಮಾರಿಯ ಕಾಲದಲ್ಲಿ ಬಂದ ಎಂಆರ್‌ಎನ್‌ಎ ಲಸಿಕೆಗಳನ್ನು ಕೋಶದೊಳಕ್ಕೆ ಒಯ್ದ ಕೊಬ್ಬಿನ ಕಣಗಳೂ ಈ ಗುಳ್ಳೆಗಳ ದಾಯಾದಿಗಳೇ.

ಈಗ ನಮ್ಮ ನಾಡಿಗೆ ಬರುತ್ತೇನೆ. ಸರ್ ಸಿ. ವಿ. ರಾಮನ್ ಅವರ ಒಡಹುಟ್ಟಿದವರ ಮಕ್ಕಳಲ್ಲಿ ಚಂದ್ರಶೇಖರ್ ಎಂಬ ಹೆಸರಿನ ಇಬ್ಬರು ವಿಜ್ಞಾನಿಗಳಿದ್ದರು. ನಕ್ಷತ್ರಗಳನ್ನು ಕುರಿತು ಬರೆದು ನೊಬೆಲ್ ಪಡೆದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ನಾನು ಹೇಳುತ್ತಿರುವುದು 1930ರಲ್ಲಿ ಹುಟ್ಟಿದ ಶಿವರಾಮಕೃಷ್ಣ ಚಂದ್ರಶೇಖರ್ ಅವರ ವಿಷಯ. ಬೆಂಗಳೂರಿನಲ್ಲಿ ರಾಮನ್ನರ ಬಳಿ ಸಂಶೋಧನೆ ಮಾಡಿ, ಕೇಂಬ್ರಿಜ್ಜಿಗೂ ಹೋಗಿ ಬಂದು, 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ದ್ರವಸ್ಫಟಿಕಗಳ ಮೇಲೆ ಅವರ ಮನಸ್ಸು ನೆಟ್ಟದ್ದು ಅಲ್ಲಿ. 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಮರಳಿ ಬಂದು ಅದಕ್ಕೆಂದೇ ಒಂದು ಪ್ರಯೋಗಾಲಯವನ್ನು ಕಟ್ಟಿದರು. ಎರಡೇ ವರ್ಷಗಳಲ್ಲಿ, 1973ರ ಡಿಸೆಂಬರಿನಲ್ಲಿ, ಆ ಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು.

ಆ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿಯ ಪಕ್ಕದಲ್ಲೇ ರಸಾಯನವಿಜ್ಞಾನಿ ಕೂತು ದುಡಿಯುತ್ತಿದ್ದದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಕಡ್ಡಿಯಂಥ ಅಣುಗಳಿದ್ದರೆ ಮಾತ್ರ ದ್ರವಸ್ಫಟಿಕ ಎಂಬುದು ಫೋರ್ಲೆಂಡರನ ಕಾಲದಿಂದ ಬಂದ ನಂಬಿಕೆ. ಕಡ್ಡಿಯ ಬದಲು ಬಿಲ್ಲೆಯಾಗಿದ್ದರೆ? ರಸಾಯನವಿಜ್ಞಾನಿ ಬಿ. ಕೆ. ಸದಾಶಿವ ಅವರು ನಡುವೆ ಬೆಂಜೀನಿನ ಚಪ್ಪಟೆ ಉಂಗುರವಿದ್ದು ಸುತ್ತಲೂ ಆರು ಮೆದುವಾದ ಸರಪಳಿಗಳು ಚಾಚಿರುವ, ಆರು ಅರಗಳ ಗಾಲಿಯಂಥ ಅಣುಗಳನ್ನು ತಯಾರಿಸಿದರು. ಕಾಯಿಸಿ ನೋಡಿದರೆ ಅವೂ ಎರಡು ಸಲ ಕರಗಿದವು! ಕೆ. ಎ. ಸುರೇಶ್ ಅವರೂ ಸೇರಿ ನಡೆಸಿದ ಪರಿಶೀಲನೆಯಲ್ಲಿ, ಅಂಗಡಿಯವನು ಪೇರಿಸಿಟ್ಟ ನಾಣ್ಯಗಳಂತೆ ಬಿಲ್ಲೆಗಳು ಕಂಬಕಂಬವಾಗಿ ನಿಂತು, ಕಂಬಗಳು ಜೇನುಗೂಡಿನ ಮಾದರಿಯಲ್ಲಿ ಜೋಡಣೆಗೊಂಡಿರುವುದು ಗೊತ್ತಾಯಿತು. ಮೂವರೂ ಬರೆದ ಚಿಕ್ಕ ಲೇಖನ ಹೊರದೇಶದ ಪತ್ರಿಕೆಗೆ ಹೋಗಲಿಲ್ಲ. ಬೆಂಗಳೂರಿನ ವಿಜ್ಞಾನ ಅಕಾಡೆಮಿಯದೇ ಆದ 'ಪ್ರಮಾಣ' ಪತ್ರಿಕೆಯಲ್ಲಿ ಅಚ್ಚಾಯಿತು. ಲೋಕ ಅದನ್ನು ಅಲ್ಲಿಗೇ ಬಂದು ಓದಿತು.

ಆ ಲೇಖನ ಅಚ್ಚಾದ ವರ್ಷ 1977. ನಾನು ಕೆಂಪು ಪೆನ್ಸಿಲು ಹಿಡಿದ ವರ್ಷವೂ ಅದೇ. ನನ್ನ ಊರಿನಿಂದ ಬೆಂಗಳೂರಿಗೆ ಒಂದು ರಾತ್ರಿಯ ರೈಲು ಪ್ರಯಾಣ. ಅಲ್ಲಿ ಮೂವರು ಒಂದು ವಸ್ತುವಿನ ಎರಡನೆಯ ಅಂಕೆಯನ್ನು ಎದೆಗೊತ್ತಿಕೊಂಡು ಬರೆಯುತ್ತಿದ್ದಾಗ ಇಲ್ಲಿ ನಾನು ಇನ್ನೊಂದರ ಎರಡನೆಯ ಅಂಕೆಯನ್ನು ಅಳಿಸುತ್ತಿದ್ದೆ. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ರಸಾಯನದವರ ಮೇಜಿಗೂ ಭೌತಶಾಸ್ತ್ರದವರ ಮೇಜಿಗೂ ನಡುವೆ ನಾಲ್ಕು ಅಡಿ ಅಂತರವಿತ್ತು. ಎದ್ದುಹೋಗಿ ಒಂದು ಮಾತು ಕೇಳಿದ್ದರೆ ಏನಾಗುತ್ತಿತ್ತೋ! ಕೇಳಲಿಲ್ಲ. ತಿಳಿಯದು ಎಂದು ಎದುರು ಮೇಜಿನವರ ಮುಂದೆ ಹೇಳಲು ಹೊಸ ಅಧ್ಯಾಪಕನಿಗೆ ಸಂಕೋಚ. ರೈನಿಟ್ಸರ್ ಹದಿನಾರು ಪುಟ ಬರೆದದ್ದು ನೂರಾರು ಮೈಲಿ ದೂರದವನಿಗೆ.

ಮುಂದಿನದು ಬೇಗನೆ ಹೇಳಿ ಮುಗಿಸಬಹುದು. ಅಮೆರಿಕದಲ್ಲಿ 1968ರಲ್ಲಿ ದ್ರವಸ್ಫಟಿಕದ ಮೊದಲ ತೋರುಫಲಕಗಳನ್ನು ಪ್ರದರ್ಶಿಸಿದರು. 1970ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಹಲ್ ನಗರದ ಜಾರ್ಜ್ ಗ್ರೇ ಸಾಧಾರಣ ಉಷ್ಣತೆಯಲ್ಲೇ ಕೆಡದೆ ಉಳಿಯುವ ದ್ರವಸ್ಫಟಿಕಗಳನ್ನು ತಯಾರಿಸಿದ ಮೇಲೆ ಅವು ಕೈಗಡಿಯಾರಕ್ಕೆ, ಲೆಕ್ಕದ ಯಂತ್ರಕ್ಕೆ, ಕಡೆಗೆ ಟೆಲಿವಿಷನ್ನಿಗೆ ಬಂದವು. ಓರೆಯಾಗಿ ನೋಡಿದರೆ ಚಿತ್ರ ಮಸುಕಾಗುವ ದೋಷ ಆ ತೆರೆಗಳಲ್ಲಿ ಬಹುಕಾಲ ಉಳಿದಿತ್ತು. 1990ರ ದಶಕದಲ್ಲಿ ಜಪಾನಿನವರು ಅದನ್ನು ನೀಗಿಸಿದ್ದು ಬಿಲ್ಲೆಯಾಕಾರದ ಅಣುಗಳನ್ನು ಲೇಪಿಸಿದ ತೆಳುಹಾಳೆಯಿಂದ. ಬೆಂಗಳೂರಿನಲ್ಲಿ ಹುಟ್ಟಿದ ಕುತೂಹಲ ಲೋಕದ ಎಷ್ಟೋ ಮನೆಗಳ ಕಂಪ್ಯೂಟರಿನೊಳಗೆ ಸದ್ದಿಲ್ಲದೆ ಕುಳಿತಿತು. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕಗಳಿಗೆಂದೇ ಒಂದು ಕೇಂದ್ರವನ್ನು ಸ್ಥಾಪಿಸಿ, 2004ರಲ್ಲಿ ತೀರಿಕೊಂಡರು. ಆ ಕೇಂದ್ರ ಈಗ ನ್ಯಾನೋ ಮತ್ತು ಮೃದುವಸ್ತು ವಿಜ್ಞಾನಗಳ ಕೇಂದ್ರವೆಂಬ ಹೆಸರಿನಲ್ಲಿ ಬೆಂಗಳೂರಿನಲ್ಲೇ ನಡೆಯುತ್ತಿದೆ.

ಕಥೆ ಇನ್ನೂ ಮುಗಿದಿಲ್ಲ. ಆಫ್ರಿಕದ ಕಾಡಿನ ಪೋಲಿಯಾ ಎಂಬ ಗಿಡದ ಹಣ್ಣಿಗೆ ಮಿರುಗುವ ನೀಲಿ ಬಣ್ಣವಿದೆ, ಆದರೆ ಅದರಲ್ಲಿ ನೀಲಿಯ ದ್ರವ್ಯವೇ ಇಲ್ಲ. ಸಿಪ್ಪೆಯ ಸೆಲ್ಯುಲೋಸ್ ಎಳೆಗಳು ರೈನಿಟ್ಸರನ ವಸ್ತುವಿನಂತೆಯೇ ಸುರುಳಿಗೊಂಡು ನಿಂತು ನೀಲಿಯನ್ನು ಹಿಂದಿರುಗಿಸುತ್ತವೆ ಎಂದು 2012ರಲ್ಲಿ ತಿಳಿಯಿತು. ಆ ವಿದ್ಯೆಯನ್ನೇ ಅನುಸರಿಸಿ, ಮರದಿಂದಲೂ ಹತ್ತಿಯಿಂದಲೂ ದೊರೆಯುವ ಸೆಲ್ಯುಲೋಸಿನಿಂದ ಮಣ್ಣಿನಲ್ಲಿ ಮಣ್ಣಾಗುವ ಮಿರುಗುಪುಡಿಯನ್ನು ತಯಾರಿಸಬಹುದೆಂದು ಕೇಂಬ್ರಿಜ್ಜಿನವರು 2021ರಲ್ಲಿ ತೋರಿಸಿದರು. ಕಡ್ಡಿಯಣುಗಳು ದಿಕ್ಕಿಗೆ ಮಾತ್ರ ಹೊಂದಿಕೊಳ್ಳದೆ, ಎಲ್ಲವೂ ತಲೆಯನ್ನು ಒಂದೇ ಕಡೆಗೆ ಇಟ್ಟು ವಿದ್ಯುತ್ತಿನ ಧ್ರುವತೆಯನ್ನು ತಳೆಯಬಲ್ಲವು ಎಂದು ಮ್ಯಾಕ್ಸ್ ಬಾರ್ನ್ 1916ರಲ್ಲಿ ಊಹಿಸಿದ್ದ. ನೂರು ವರ್ಷ ಅದು ಬರಿಯ ಊಹೆಯಾಗಿಯೇ ಉಳಿಯಿತು. 2017ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಒಂದು ಪದಾರ್ಥ ನೆಮ್ಯಾಟಿಕ್ ಆದ ಮೇಲೂ, ಆರಿಸುತ್ತ ಹೋದಾಗ, ಇನ್ನೊಂದು ಬಗೆಯ ನೆಮ್ಯಾಟಿಕ್ ಆಗಿ ಮಾರ್ಪಡುವುದನ್ನು ಕಂಡರು. ಅದೇ ವರ್ಷ ಜಪಾನಿನಲ್ಲೂ ಅಂಥದೊಂದು ವಸ್ತು ದೊರೆಯಿತು. ಯಾರ್ಕ್‌ನ ಪದಾರ್ಥದಲ್ಲಿರುವುದು ಬಾರ್ನ್ ಹೇಳಿದ ಸ್ಥಿತಿಯೇ ಎಂದು 2020ರಲ್ಲಿ ಅಮೆರಿಕದ ಕೊಲರಾಡೋದವರು ಸಾಧಿಸಿದರು. ಇಲ್ಲಿಯೂ ಬಾಗಿಲು ತೆರೆದದ್ದು ಒಂದು ಹೆಚ್ಚಿನ ಅಂಕೆ. ಇರಬಾರದ ಕಡೆ ಇದ್ದ ಒಂದು ಬದಲಾವಣೆ. ಯಾರೋ ಅದನ್ನು ಅಳಿಸದೆ ಬರೆದಿಟ್ಟರು.

ವಿದ್ಯೆಗಳಿಗೆ ಕೋಣೆಗಳು ಬೇಕು. ಕೋಣೆಯಿಲ್ಲದೆ ದೀಪ ನಿಲ್ಲದು. ಆದರೆ ಕೋಣೆಗೆ ಬಾಗಿಲೂ ಇರಬೇಕು, ಬಾಗಿಲಿಗೆ ಹೊಸ್ತಿಲೂ ಇರಬೇಕು. ಗಜ್ಜರಿಯಿಂದ ಹೊರಟು, ಹೊಗೆಸೊಪ್ಪನ್ನೂ ನರದ ಹೊದಿಕೆಯನ್ನೂ ಹಾದು, ಗುಂಡು ತಡೆಯುವ ನೂಲಿಗೂ ಬಿಹಾರದ ರೋಗಿಯ ಹಾಸಿಗೆಗೂ ಬಂದ ಈ ಕಥೆಯ ತಿರುವುತಿರುವಿನಲ್ಲೂ ತನಗೆ ತಿಳಿಯದ್ದನ್ನು ತಿಳಿಯದು ಎಂದು ಹೇಳಿ ಹೊಸ್ತಿಲು ದಾಟಿದವನೊಬ್ಬ ಅಥವಾ ಒಬ್ಬಳು ಸಿಗುತ್ತಾರೆ.

ಆ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಅವಳಿಗೂ ಎಪ್ಪತ್ತರ ಹತ್ತಿರದ ವಯಸ್ಸು. ಬಾನುಲಿಯ ಮಾತು ಯಾವ ಮನೆಯನ್ನು ಸೇರುತ್ತದೆಂದು ಆಡುವವನಿಗೆ ತಿಳಿಯದು. ಅದೇ ಧೈರ್ಯದಿಂದ ಒಂದು ಮಾತು ಹೇಳಿಬಿಡುತ್ತೇನೆ. ಅಮ್ಮ, ನಿನ್ನ ಹರಳು ಶುದ್ಧವಾಗಿತ್ತು. ಪುಸ್ತಕ ಉಳಿದಿದ್ದರೆ, ನಾನು ಹೊಡೆದುಹಾಕಿದ ಜಾಗದಲ್ಲಿ, ದಯಮಾಡಿ ಮತ್ತೆ 188 ಎಂದು ಬರೆದುಕೋ.

(ಬಾನುಲಿ ಭಾಷಣ)